ಆಯಿಲ್ ಬದಲಿಸಿದ ಮೇಲೆ ಕೆಂಪು ದೀಪ, ಸೋರಿಕೆ, ಹೊಗೆ: ಮನೆಯಲ್ಲೇ ಕಾರಣ ಹಿಡಿಯುವ ಬಗೆ

ಕಾರಿನ ಆಯಿಲ್, ಫಿಲ್ಟರ್ ಎರಡನ್ನೂ ನೀವೇ ಬದಲಿಸಿ ಈಗಷ್ಟೇ ಸ್ಟಾರ್ಟ್ ಮಾಡಿದ್ದೀರಾ? ಮೀಟರಿನಲ್ಲಿ ಗಿಂಡಿಯ ಆಕಾರದ ಕೆಂಪು ದೀಪ ಹತ್ತು ಸೆಕೆಂಡ್ ಕಳೆದರೂ ಆರಿಲ್ಲವಾ? ಹಾಗಿದ್ದರೆ ಮೊದಲು ಎಂಜಿನ್ ಆಫ್ ಮಾಡಿ ಬನ್ನಿ, ಉಳಿದದ್ದು ಆಮೇಲೆ ಓದಿ. ರಸ್ತೆಯಲ್ಲಿ ಹೋಗುವಾಗ ಹೊತ್ತಿಕೊಂಡರೂ ಇದೇ ಮಾತು. ಎಡಕ್ಕೆ ತೆಗೆದು ನಿಲ್ಲಿಸಿ, ಆಫ್ ಮಾಡಿ. ಮನೆ ಇಲ್ಲೇ ಎರಡು ಕಿಲೋಮೀಟರ್ ಅಲ್ಲವೇ ಅನ್ನುವ ಲೆಕ್ಕ ಬೇಡ.

ಆ ದೀಪ ಉರಿಯುವುದು ಆಯಿಲ್ ಹಳೆಯದಾಯಿತು ಎಂದು ನೆನಪಿಸಲು ಅಲ್ಲ, ಎಂಜಿನ್ನಿನೊಳಗೆ ಆಯಿಲ್ ಒತ್ತಡ ಇಲ್ಲ ಎಂದು ಹೇಳಲು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗಿಕೊಂಡು ತಿರುಗುವುದಿಲ್ಲ. ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಆ ಪದರವನ್ನು ಉಳಿಸುವುದು ಪಂಪಿನ ಒತ್ತಡ. ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿಸಿದರೂ ಬೇರಿಂಗ್ ಸುಟ್ಟು, ಆಯಿಲಿನಲ್ಲಿ ಮುಗಿಯಬೇಕಿದ್ದ ಖರ್ಚು ಎಂಜಿನ್ ಬಿಚ್ಚಿಸುವವರೆಗೆ ಹೋಗುತ್ತದೆ.

ನಮ್ಮ ಮನೆ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಸುಮಾರು ಇಪ್ಪತ್ತು ವರ್ಷದಿಂದ ನನ್ನ ಕಾರಿನ ಆಯಿಲ್ ನಾನೇ ಬದಲಿಸುತ್ತಿದ್ದೇನೆ, ನೆಂಟರ, ನೆರೆಯವರ ಕಾರುಗಳನ್ನೂ ನೋಡಿದ್ದೇನೆ. ಆಯಿಲ್ ಬದಲಿಸಿದ ಒಂದೆರಡು ದಿನದಲ್ಲಿ ತಲೆಯೆತ್ತುವ ತೊಂದರೆ ಬಹುಪಾಲು ನಾವು ಕೈಯಿಟ್ಟ ನಾಲ್ಕು ಜಾಗದಲ್ಲೇ ಇರುತ್ತದೆ: ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್, ಫಿಲ್ಟರ್, ಆಯಿಲ್ ಹಾಕುವ ಮುಚ್ಚಳ, ಮಟ್ಟ ಅಳೆಯುವ ಕಡ್ಡಿ ಅಂದರೆ ಡಿಪ್‌ಸ್ಟಿಕ್. ಹುಡುಕಲು ಬೇಕಾದದ್ದು ಬಟ್ಟೆ, ಟಾರ್ಚ್, ಅರ್ಧ ಗಂಟೆಯ ತಾಳ್ಮೆ. ಸ್ಪ್ಯಾನರಿನ ಸರದಿ ಕೊನೆಯದು. ಈ ಕ್ರಮ ತಪ್ಪಿದ್ದರಿಂದ ಚೆನ್ನಾಗಿದ್ದ ಒಂದು ಕಾರು ಹೇಗೆ ಕೆಟ್ಟಿತು ಎಂಬುದನ್ನೂ ಮುಂದೆ ಹೇಳುತ್ತೇನೆ.

ಕೆಂಪು ದೀಪ ಆರುತ್ತಿಲ್ಲ

ಹೊಸ ಫಿಲ್ಟರ್ ಅಂದರೆ ಖಾಲಿ ಡಬ್ಬಿ. ಪಂಪ್ ಮೊದಲು ಅದನ್ನು ತುಂಬಬೇಕು, ಆಮೇಲೆ ಎಣ್ಣೆ ಮುಂದಕ್ಕೆ ಹೋಗಬೇಕು. ಹಾಗಾಗಿ ಬದಲಿಸಿದ ಮೇಲಿನ ಮೊದಲ ಸ್ಟಾರ್ಟಿನಲ್ಲಿ ದೀಪ ಎಂದಿಗಿಂತ ಮೂರು ನಾಲ್ಕು ಸೆಕೆಂಡ್ ಜಾಸ್ತಿ ಉರಿದರೆ ಗಾಬರಿ ಬೇಡ. ಅಷ್ಟು ಹೊತ್ತು ಆಕ್ಸಿಲರೇಟರ್ ಮಾತ್ರ ಮುಟ್ಟಬೇಡಿ.

ಅದಕ್ಕೂ ಮೀರಿ ಉರಿದರೆ, ಆಫ್ ಮಾಡಿ ಕಾರಿನ ಕೆಳಗೆ ಬಗ್ಗಿ ನೋಡಿ. ಎಣ್ಣೆ ಮಡುಗಟ್ಟಿದ್ದರೆ ಕಾರಣ ಫಿಲ್ಟರ್ ಅಥವಾ ಡ್ರೈನ್ ಬೋಲ್ಟ್. ನೆಲ ಒಣಗಿದ್ದರೆ ಡಿಪ್‌ಸ್ಟಿಕ್ ಎಳೆಯಿರಿ. ಕಡ್ಡಿಗೆ ಏನೂ ಹತ್ತದಿದ್ದರೆ ಹೊಸ ಆಯಿಲ್ ಪೂರ್ತಿ ಒಳಗೆ ಹೋಗಿಯೇ ಇಲ್ಲ. ಕೆಲಸದ ನಡುವೆ ಫೋನ್ ಬಂದು, ಅರ್ಧ ಸುರಿದ ಡಬ್ಬವನ್ನು ಗೋಡೆಯ ಪಕ್ಕ ಇಟ್ಟು ಹೋದವರಿಗೆ ಹೀಗಾಗುತ್ತದೆ.

ಮಟ್ಟ ಸರಿಯಿದೆ, ಎಲ್ಲೂ ಸೋರಿಲ್ಲ, ಆದರೂ ದೀಪ ಆರದಿದ್ದರೆ, ಚೇಂಬರ್ (ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಖಾಲಿ ಮಾಡಿ ರಾತ್ರಿಯೆಲ್ಲ ಹಾಗೇ ಬಿಟ್ಟಿದ್ದಿರಾ ಎಂದು ನೆನಪಿಸಿಕೊಳ್ಳಿ. ಪಂಪಿನೊಳಗೆ ಗಾಳಿ ಸೇರಿ ಎಣ್ಣೆ ಎಳೆಯಲು ತಡವರಿಸುತ್ತಿರಬಹುದು. ಪೆಟ್ರೋಲ್ ಕಾರಿನಲ್ಲಿ ಇದಕ್ಕೊಂದು ದಾರಿ ಇದೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದಿಟ್ಟು, ಎಂಜಿನ್ ಹತ್ತಿಕೊಳ್ಳದ ಹಾಗೆ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ, ಹೀಗೆ ಮೂರು ಸಲದವರೆಗೆ. ಭಾರವಿಲ್ಲದೆ ನಿಧಾನವಾಗಿ ತಿರುಗುವಾಗ ಬೇರಿಂಗಿಗೆ ಪೆಟ್ಟು ಕಡಿಮೆ. ಹೀಗೆ ಹೊಡೆಯುವಾಗಲೇ ದೀಪ ಆರಿದರೆ ಒತ್ತಡ ಬಂತು ಎಂದರ್ಥ, ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಬಹುದು. ಮೂರು ಸಲಕ್ಕೂ ಆರದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ. ಅವರು ಈ ದೀಪ ಹೊತ್ತಿಸುವ ಪ್ರೆಶರ್ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ಕೂರಿಸಿ ನಿಜವಾದ ಒತ್ತಡ ಅಳೆಯುತ್ತಾರೆ. ದೀಪ ಸುಳ್ಳು ಹೇಳುತ್ತಿದೆಯೇ, ಪಂಪ್ ಕೆಟ್ಟಿದೆಯೇ ಎಂಬುದು ಖಚಿತವಾಗುವುದು ಆ ಅಳತೆಯಿಂದಲೇ.

ಆ ಸ್ವಿಚ್ಚಿನ ಬಗ್ಗೆ ಒಂದು ವಿಷಯ ಗೊತ್ತಿರಲಿ. ಅನೇಕ ಕಾರುಗಳಲ್ಲಿ ಅದು ಒಂದೇ ವೈರಿನ ಸಣ್ಣ ಸ್ವಿಚ್, ಬಹಳ ಸಲ ಫಿಲ್ಟರಿನ ಪಕ್ಕದಲ್ಲೇ ಇರುತ್ತದೆ. ಹಳೆ ಫಿಲ್ಟರ್ ತಿರುಗಿಸುವ ಭರದಲ್ಲಿ ಕೈ ತಗಲಿ ಆ ವೈರ್ ಕಳಚಿಕೊಂಡರೆ ದೀಪ ಉರಿಯುವುದೇ ಇಲ್ಲ, ಒತ್ತಡ ಪೂರ್ತಿ ಹೋದರೂ ಉರಿಯುವುದಿಲ್ಲ. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಒಂದು ಕ್ಷಣ ನಿಲ್ಲಿ. ಎಂಜಿನ್ ತಿರುಗುವ ಮೊದಲು ಕೆಂಪು ಗಿಂಡಿ ಕಾಣಲೇಬೇಕು. ಕಾಣದಿದ್ದರೆ ನಿಮ್ಮ ಕಾವಲುಗಾರನೇ ನಿದ್ದೆಯಲ್ಲಿದ್ದಾನೆ, ಮೊದಲು ಆ ವೈರ್ ನೋಡಿ. ಕನೆಕ್ಟರ್ ಎಳೆದಾಗ ಒಳಗೆಲ್ಲ ಎಣ್ಣೆ ಅಂಟಿದ್ದರೆ ಸ್ವಿಚ್ಚೇ ಒಳಗಿನಿಂದ ಸೋರುತ್ತಿದೆ, ಬದಲಿಸಿ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಂಥ ಕಡೆ ಮುಕ್ಕಾಲು ಗಂಟೆ ನಿಂತು ಎಂಜಿನ್ ಚೆನ್ನಾಗಿ ಕಾದಾಗ ಮಾತ್ರ, ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ದೀಪ ಮಿಣುಕಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಆರಿದರೆ ಅದು ಬೇರೆ ಕಥೆ. ಮಟ್ಟ ಕಡಿಮೆ ಇರಬಹುದು, ಹಾಕಿದ ಆಯಿಲ್ ಆ ಎಂಜಿನ್ನಿಗೆ ತೀರ ತೆಳುವಾಗಿರಬಹುದು, ಬೇರಿಂಗ್ ಸವೆದಿರಬಹುದು. ತಿರುವಿನಲ್ಲಿ ಅಥವಾ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಮಿಣುಕಿದರೆ ಮಟ್ಟವೇ ಕಡಿಮೆ ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು. ಎಣ್ಣೆ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿರುತ್ತದೆ. ಸ್ಪ್ಯಾನರ್ ಚಿತ್ರದ ಹಳದಿ ದೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸರ್ವಿಸ್ ದಿನ ನೆನಪಿಸುವ ದೀಪ, ರಿಸೆಟ್ ಮಾಡುವ ಕ್ರಮ ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಒಮ್ಮೆಲೇ ಸುರಿದುಹೋಯಿತು

2016ರ ಒಂದು ಭಾನುವಾರ ಮನೆಯ ಮುಂದಿನ ಹೊಂಗೆ ಮರದ ನೆರಳಲ್ಲಿ ಆಯಿಲ್ ಬದಲಿಸಿದೆ. ಸ್ಟಾರ್ಟ್ ಮಾಡಿದೆ, ದೀಪ ಆರಿತು. ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಕೆಳಗೆ ನೋಡಿದೆ, ಒಂದು ಹನಿಯೂ ಇಲ್ಲ. ಕೈ ತೊಳೆದು ತರಕಾರಿ ತರಲು ಹೊರಟೆ. ಕತ್ತರಿಗುಪ್ಪೆಯ ಸಿಗ್ನಲ್ ಹತ್ತಿರ ಸ್ಕೂಟರಿನವರೊಬ್ಬರು ಗಾಜು ಬಡಿದು, "ಸಾರ್, ಕೆಳಗೆ ಎಣ್ಣೆ ಸುರೀತಾ ಇದೆ ನೋಡಿ" ಅಂದರು. ಅಷ್ಟರಲ್ಲಿ ಗಿಂಡಿ ದೀಪ ಹೊತ್ತಿತು. ತಕ್ಷಣ ಆಫ್ ಮಾಡಿದೆ. ಹಿಂದಕ್ಕೆ ತಿರುಗಿ ನೋಡಿದರೆ ರಸ್ತೆಯ ಮೇಲೆ ಉದ್ದಕ್ಕೂ ಜೇನಿನ ಬಣ್ಣದ ಗೆರೆ. ಎಂಜಿನ್ನಿಗಿಂತ ಹೆಚ್ಚು ಹೆದರಿಸಿದ್ದು ಆ ಗೆರೆ. ಬೈಕಿನವರು ಜಾರಿ ಬಿದ್ದರೆ ಹೊಣೆ ನನ್ನದು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ, ಬಾಂಡ್ಲಿಯಲ್ಲಿ ಮರಳು ತಂದು ತಿರುವಿನ ಭಾಗದ ಮೇಲೆಲ್ಲ ಸುರಿದೆ. ಅಲ್ಲಿದ್ದ ಇಬ್ಬರು ಕೂಲಿ ಅಣ್ಣಂದಿರು ಕೇಳದೆಯೇ ಜೊತೆ ಬಂದರು.

ಫಿಲ್ಟರ್ ಬಿಚ್ಚಿದಾಗ ಕಾರಣ ಕಂಡಿತು. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಡಬ್ಬಿಯ ಜೊತೆ ಬರದೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆಯೇ ಹೊಸ ಫಿಲ್ಟರನ್ನು ಅದರ ರಿಂಗಿನ ಸಮೇತ ತಿರುಗಿಸಿ ಕೂರಿಸಿದ್ದೆ. ಎರಡು ರಿಂಗ್ ಒಂದರ ಮೇಲೊಂದು ಇದ್ದರೆ ಕೈಗೆ ಬಿಗಿ ಬಿಗಿಯಾಗಿಯೇ ಸಿಗುತ್ತದೆ, ಅನುಮಾನ ಬರುವುದಿಲ್ಲ. ಐಡಲಿನಲ್ಲಿ ಒತ್ತಡ ಕಡಿಮೆ, ಸೋರಲಿಲ್ಲ. ರಸ್ತೆಯಲ್ಲಿ ಆರ್‌ಪಿಎಂ ಏರಿದಾಗ ಒತ್ತಡ ಹಲವು ಪಟ್ಟಾಗಿ ರಿಂಗ್ ಒಂದು ಕಡೆ ಹೊರಕ್ಕೆ ಚಿಮ್ಮಿತು. ಇಡೀ ಚೇಂಬರ್ ಬರಿದಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಂದಿನಿಂದ ಎರಡು ರೂಢಿ ಮಾಡಿಕೊಂಡಿದ್ದೇನೆ. ಹಳೆ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುವಿ ನೋಡುತ್ತೇನೆ, ರಿಂಗ್ ಅದರಲ್ಲೇ ಇದೆಯಾ ಎಂದು. ಇಲ್ಲದಿದ್ದರೆ ಎಂಜಿನ್ನಿನ ಮುಖಕ್ಕೆ ಬೆರಳಾಡಿಸಿ ಹುಡುಕಿ ತೆಗೆಯುತ್ತೇನೆ. ಇನ್ನೊಂದು, ಕೆಲಸ ಮುಗಿದ ಮೇಲೆ ಐಡಲಿನಲ್ಲಿ ಮಾತ್ರ ನೋಡಿ ಬಿಡುವುದಿಲ್ಲ. ದೀಪ ಆರಿ ಒಂದೆರಡು ನಿಮಿಷ ಕಳೆದ ಮೇಲೆ, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಒಳಗೆ ಒಬ್ಬರನ್ನು ಕೂರಿಸಿ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿಸುತ್ತೇನೆ. ನಾನು ಪಕ್ಕದಿಂದ ಬಗ್ಗಿ ಟಾರ್ಚ್ ಬಿಟ್ಟು ಫಿಲ್ಟರ್ ನೋಡುತ್ತೇನೆ. ಎಂಜಿನ್ ಓಡುವಾಗ ಕಾರಿನ ಕೆಳಗೆ ತೂರಬಾರದು, ಹೊರಗಿನಿಂದಲೇ ನೋಡಬೇಕು.

ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ರಿಂಗ್ ಎಂಜಿನ್ನಿಗೆ ತಾಗಿದ ಮೇಲೆ ಬರಿಗೈಯಲ್ಲಿ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಸರಿಯಾದ ಲೆಕ್ಕ ಡಬ್ಬಿಯ ಮೇಲೇ ಮುದ್ರಿಸಿರುತ್ತದೆ. ಒಣ ರಿಂಗ್ ಹಾಕಿದರೆ ತಿರುಗುವಾಗ ಮಡಿಚಿಕೊಳ್ಳುತ್ತದೆ. ಫಿಲ್ಟರ್ ರೆಂಚ್ ಇರುವುದು ಬಿಚ್ಚುವುದಕ್ಕೆ, ಬಿಗಿಯುವುದಕ್ಕೆ ಅಲ್ಲ. 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನಂತೆ ಡಬ್ಬಿಯ ಬದಲು ಕಾಗದದ ಎಲಿಮೆಂಟ್ ಮಾತ್ರ ಬದಲಿಸುವ ಕಾರಾದರೆ, ಮುಚ್ಚಳದ ಓ ರಿಂಗ್ ಹೊಸದು ಹಾಕಿದಿರಾ, ಅದರದೇ ಕಾಲುವೆಯಲ್ಲಿ ಕೂತಿದೆಯಾ ನೋಡಿ.

ಹನಿ ಹನಿ ಬೀಳುತ್ತಿದೆ

ಎಲ್ಲರೂ ದಾರಿ ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾತ್ರಿ ಕಾರಿನ ಕೆಳಗೆ ರಟ್ಟಿನ ಡಬ್ಬ ಬಿಚ್ಚಿ ಹಾಸಿ, ಮುಂದಿನ ಎರಡು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂಬುದು ಗೊತ್ತಾಗುತ್ತದೆ. ನೀರಿನಂತೆ ತಿಳಿಯಾಗಿ ಎಡಗಡೆಯವರ ಕಾಲಿನ ಕೆಳಗೆ ಬಿದ್ದಿದ್ದರೆ ಅದು ಏಸಿ ನೀರು. ಹಸಿರು ಅಥವಾ ಗುಲಾಬಿ ಬಣ್ಣದ, ಜಿಡ್ಡಿಲ್ಲದ, ಸಿಹಿ ವಾಸನೆಯದಾದರೆ ಕೂಲೆಂಟ್. ಕೆಂಪು ಎಣ್ಣೆಯಾದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದೋ ಪವರ್ ಸ್ಟೀರಿಂಗಿನದೋ ಇರಬಹುದು. ಜೇನಿನ ಬಣ್ಣದ್ದೂ ಕಪ್ಪು ಬಣ್ಣದ್ದೂ ನಮ್ಮ ಎಂಜಿನ್ ಆಯಿಲ್.

ಪೆಟ್ರೋಲ್ ಕಾರಿನಲ್ಲಿ ಬಣ್ಣ ಇನ್ನೂ ಒಂದು ಗುಟ್ಟು ಹೇಳುತ್ತದೆ. ಹೊಸ ಆಯಿಲ್ ಕೆಲವು ನೂರು ಕಿಲೋಮೀಟರ್ ಓಡುವವರೆಗೆ ಜೇನಿನ ಬಣ್ಣದಲ್ಲೇ ಇರುತ್ತದೆ. ಬದಲಿಸಿದ ಮರುದಿನ ಬಿದ್ದ ಹನಿ ಕಪ್ಪಗಿದ್ದರೆ ಅದು ಎಂಜಿನ್ನಿನಿಂದ ಈಗ ಬಂದದ್ದಲ್ಲ, ನಿನ್ನೆ ಬಿಚ್ಚುವಾಗ ಎಲ್ಲೋ ಚೆಲ್ಲಿ ಕೂತಿದ್ದ ಹಳೆಯದು. ಡೀಸೆಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎಂಜಿನ್ನಿನೊಳಗೆ ಉಳಿದ ಮಸಿ ಸೇರಿ ಹೊಸ ಆಯಿಲ್ ಅರ್ಧ ಗಂಟೆಯಲ್ಲೇ ಕಪ್ಪಾಗುತ್ತದೆ, ಅದು ದೋಷವೂ ಅಲ್ಲ.

ನಾಗರಭಾವಿಯಲ್ಲಿರುವ ನಮ್ಮ ಅಕ್ಕನ ಮನೆಯವರು, ನಮ್ಮ ಭಾವ, ಮೊದಲ ಸಲ ತಾವೇ ಆಯಿಲ್ ಬದಲಿಸಿದ ಮಾರನೆಯ ಬೆಳಿಗ್ಗೆ ಫೋನ್ ಮಾಡಿದರು.

"ಲೋ, ಡ್ರೈನ್ ಬೋಲ್ಟ್ ಸೋರ್ತಿದೆ ಕಣೋ. ಎರಡು ಸಲ ಟೈಟ್ ಮಾಡ್ದೆ, ನಿಲ್ತಾನೇ ಇಲ್ಲ."

"ಎಣ್ಣೆ ಯಾವ ಬಣ್ಣ ಇದೆ ಭಾವ?"

"ಕರ‍್ರಗಿದೆ. ಯಾಕೆ?"

"ಹಾಗಾದ್ರೆ ಇನ್ನು ಮುಟ್ಟಬೇಡಿ. ಅದು ಹಳೇದು. ನಾನು ಬಂದು ನೋಡ್ತೀನಿ."

"ನೀನು ಬರೋಷ್ಟರಲ್ಲಿ ಇನ್ನೊಂದ್ಸಲ ನೋಡಿರ‍್ತೀನಿ ಬಿಡು."

ನಾನು ಹೋಗುವಷ್ಟರಲ್ಲಿ ಬೋಲ್ಟ್ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿತ್ತು. ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಎದ್ದುಬಂದಿತ್ತು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಅಂಡರ್ ಕವರ್ ಬಿಚ್ಚಿದರೆ ಅದರ ಮಡಿಕೆಗಳಲ್ಲಿ ಒಂದು ಟೀ ಲೋಟದಷ್ಟು ಕಪ್ಪು ಎಣ್ಣೆ ನಿಂತಿತ್ತು. ಹಳೆ ಫಿಲ್ಟರ್ ಬಿಚ್ಚುವಾಗ ಅದರಿಂದ ಇಳಿದದ್ದು ಕವರಿನ ಮೇಲೆ ಕೂತು, ಅದರ ತೂತಿನಿಂದ ಹನಿ ಹನಿಯಾಗಿ ಕೆಳಗೆ ಬೀಳುತ್ತಿತ್ತು. ಆ ತೂತು ಡ್ರೈನ್ ಬೋಲ್ಟಿನ ನೇರ ಕೆಳಗೇ ಇತ್ತು. ಬೋಲ್ಟ್ ಸೋರಿರಲೇ ಇಲ್ಲ. ಇಲ್ಲದ ಸೋರಿಕೆ ನಿಲ್ಲಿಸಲು ಹೋಗಿ ನಿಜವಾದ ಸೋರಿಕೆ ಬಂತು. ಭಾವನವರ ಮುಖ ನೋಡಿ ನನಗೂ ಸಂಕಟವಾಯಿತು. ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸ ಅದು.

ಆದ್ದರಿಂದ ಹನಿ ಕಂಡರೆ ಮೊದಲ ಕೆಲಸ ಒರೆಸುವುದು. ಎಂಜಿನ್ ಪೂರ್ತಿ ತಣ್ಣಗಾಗಲಿ. ಕಾರನ್ನು ಎತ್ತಬೇಕಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎರಡು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ನಮ್ಮ ಹನುಮಂತನಗರ, ಗವಿಪುರದ ಕಡೆಯ ಇಳಿಜಾರು ಬೀದಿಗಳಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು. ಅಂಡರ್ ಕವರ್ ಬಿಚ್ಚಿ ತೊಳೆದಿಡಿ. ಡ್ರೈನ್ ಬೋಲ್ಟ್, ಫಿಲ್ಟರ್, ಅವುಗಳ ಸುತ್ತಲಿನ ಲೋಹ ಎಲ್ಲವನ್ನೂ ಹಳೆ ಬನಿಯನ್ ಬಟ್ಟೆಯಿಂದ ಒಣಗುವ ತನಕ ಒರೆಸಿ. ಒರೆಸಿದ ಜಾಗಕ್ಕೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ಕವರ್ ಹಾಕದೆ ಹತ್ತು ನಿಮಿಷ ಓಡಿಸಿ ಬಂದು ನೋಡಿದರೆ, ಬಿಳಿ ಪುಡಿಯ ಮೇಲೆ ಎಣ್ಣೆಯ ಹಾದಿ ಗೆರೆ ಎಳೆದಂತೆ ಕಾಣುತ್ತದೆ. ಪೌಡರ್ ಒಣಗೇ ಉಳಿದಿದ್ದರೆ ಸೋರಿಕೆ ಇಲ್ಲ. ಆಗ ಸ್ಪ್ಯಾನರ್ ಪೆಟ್ಟಿಗೆಗೆ ಹಾಕಿ.

ಹಾದಿ ಕಂಡರೆ ಅದರ ಮೇಲ್ತುದಿ ಹುಡುಕಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಹನಿ ಬೀಳುವ ಜಾಗ ಬಹಳ ಸಲ ಎಣ್ಣೆ ಹುಟ್ಟಿದ ಜಾಗವಲ್ಲ. ಮೇಲಿನಿಂದ ಬನ್ನಿ: ಎಂಜಿನ್ನಿನ ತಲೆಯ ಮೇಲೆ ಮುಚ್ಚಿದ ಟ್ಯಾಪೆಟ್ ಕವರ್ ಅಂಚು, ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಕೊಳವೆ, ಪ್ರೆಶರ್ ಸ್ವಿಚ್, ಫಿಲ್ಟರ್, ಕೊನೆಗೆ ಡ್ರೈನ್ ಬೋಲ್ಟ್. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಳೆಯದಾಗಿ ಒಸರುವುದು ಹತ್ತು ವರ್ಷ ದಾಟಿದ ಕಾರುಗಳಲ್ಲಿ ಸಾಮಾನ್ಯ, ಅದಕ್ಕೂ ನಿಮ್ಮ ಆಯಿಲ್ ಬದಲಾವಣೆಗೂ ನಂಟಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ಹನಿ ಬರುತ್ತಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಅನುಮಾನ, ಅದು ಗೇರ್‌ಬಾಕ್ಸ್ ಇಳಿಸುವ ಕೆಲಸ.

ಡ್ರೈನ್ ಬೋಲ್ಟೇ ಒಸರುತ್ತಿದೆ ಎಂದು ಗಟ್ಟಿಯಾದರೆ, ತಪ್ಪು ಹತ್ತಕ್ಕೆ ಒಂಬತ್ತು ಪಾಲು ವಾಷರಿನದು. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿಕೊಂಡು ಮುಖಕ್ಕೆ ಮುಖ ಕೂತು ಸೀಲ್ ಮಾಡುತ್ತದೆ. ಅದನ್ನೇ ಮತ್ತೆ ಹಾಕಿದರೆ ಹಳೆ ಗೀರುಗಳು ಹೊಂದುವುದಿಲ್ಲ. ಹಳೆ ವಾಷರ್ ಚೇಂಬರಿಗೇ ಅಂಟಿಕೊಂಡು ಉಳಿದು, ಹೊಸದು ಅದರ ಮೇಲೆ ಕೂತಿರುವುದೂ ಉಂಟು. ಟೆಫ್ಲಾನ್ ಟೇಪ್ ಸುತ್ತುವುದು ನಲ್ಲಿಗೆ ಸರಿ, ಇಲ್ಲಿಗಲ್ಲ. ಈ ಬೋಲ್ಟಿನಲ್ಲಿ ಎಣ್ಣೆ ತಡೆಯುವುದು ಥ್ರೆಡ್ ಅಲ್ಲ, ವಾಷರ್. ಟೇಪಿನ ಚೂರು ಒಳಗೆ ಬಿದ್ದರೆ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಬಿಗಿಯ ಅಳತೆ ಅನೇಕ ಸಣ್ಣ ಕಾರುಗಳಿಗೆ 30ರಿಂದ 40 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಕಾರಿನದನ್ನು ನೋಡಿಕೊಂಡು ಟಾರ್ಕ್ ರೆಂಚಿನಲ್ಲಿ ಬಿಗಿಯುವುದು ಒಳ್ಳೆಯದು. ರೆಂಚ್ ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರ್ ಹಿಡಿಯಿರಿ, ಪೈಪ್ ಸೇರಿಸಿ ಉದ್ದ ಮಾಡಬೇಡಿ.

ಥ್ರೆಡ್ ಹೋಗಿಯೇಬಿಟ್ಟಿದ್ದರೆ ಎಂ-ಸೀಲ್ ಮೆತ್ತಿ ಓಡಿಸುವ ಸಾಹಸ ಬೇಡ, ಬಿದ್ದುಹೋದರೆ ಕತ್ತರಿಗುಪ್ಪೆಯ ನನ್ನ ಕಥೆಯೇ. ಲೇತ್ ಕೆಲಸದವರು ತೂತು ದೊಡ್ಡದು ಮಾಡಿ ಹೊಸ ಥ್ರೆಡ್ಡಿನ ಉಕ್ಕಿನ ಸುರುಳಿ ಕೂರಿಸಿಕೊಡುತ್ತಾರೆ. ಭಾವನವರ ಕಾರಿಗೆ ಹಾಗೇ ಮಾಡಿಸಿದೆವು. ಚೇಂಬರ್ ಇಳಿಸಿ ಮಾಡಿಸಿದ್ದರಿಂದ ಲೋಹದ ಪುಡಿ ಒಳಗೆ ಉಳಿಯಲಿಲ್ಲ. ಚೇಂಬರ್ ರಸ್ತೆಯ ಉಬ್ಬಿಗೆ ತಗುಲಿ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ಬದಲಿಸಬೇಕು. ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಸಾಮಾನ್ಯ ಕಾರುಗಳದ್ದು ಸಿಗುತ್ತದೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಹೊಗೆ, ನೊರೆ, ಮಟ್ಟ ಜಾಸ್ತಿ

ಅಂಗಡಿಯಲ್ಲಿ ಸಿಗುವ ದೊಡ್ಡ ಡಬ್ಬ ಬಹಳ ಸಲ 3.5 ಲೀಟರಿನದು. ಸಣ್ಣ ಪೆಟ್ರೋಲ್ ಕಾರುಗಳು ಎಷ್ಟೋ ಸಲ ಹಿಡಿಸುವುದು 3 ಲೀಟರಿನ ಆಸುಪಾಸು. ಉಳಿಸಿ ಏನು ಮಾಡುವುದು ಎಂದು ಪೂರ್ತಿ ಸುರಿದವರ ಕಾರಿನಲ್ಲಿ ಡಿಪ್‌ಸ್ಟಿಕ್ ಮೇಲಿನ ಗೆರೆ ಮುಳುಗಿರುತ್ತದೆ. ಎರಡು ಗೆರೆಗಳ ನಡುವಿನ ಅಂತರವೇ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್, ಹಾಗಾಗಿ ಅರ್ಧ ಲೀಟರ್ ಜಾಸ್ತಿ ಸಣ್ಣ ಮಾತಲ್ಲ. ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಬೇರಿಂಗಿಗೆ ಆಧಾರ ಕೊಡುವುದಿಲ್ಲ. ಎಣ್ಣೆಯ ಮಂಜು, ಎಂಜಿನ್ನಿನೊಳಗಿನ ಗಾಳಿ ಹೊರಬರುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿನ ಕಡೆಗೆ ಬಂದು ಸುಟ್ಟು ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗುತ್ತದೆ. ಡೀಸೆಲಿನಲ್ಲಿ ಅಪಾಯ ಇನ್ನೂ ದೊಡ್ಡದು. ಎಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಹುಚ್ಚಾಪಟ್ಟೆ ಓಡಬಹುದು.

ಮಟ್ಟ ಜಾಸ್ತಿ ಎಂದು ತೀರ್ಮಾನಿಸುವ ಮೊದಲು ಕಾರು ನಿಂತ ನೆಲ ನೋಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ, ಗೇಟಿನ ಮುಂದಿನ ಇಳಿಜಾರು ಕಲ್ಲಿನ ಮೇಲೆ ನಿಲ್ಲಿಸಿ ಅಳೆದರೆ ಕಡ್ಡಿ ಸುಳ್ಳು ಹೇಳುತ್ತದೆ. ಸಮತಟ್ಟಿನಲ್ಲಿ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ ಐದರಿಂದ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ ತೆಗೆದು ನೋಡಿ. ಹೊಸ ತಿಳಿ ಆಯಿಲ್ ಕಡ್ಡಿಯ ಮೇಲೆ ಸರಿಯಾಗಿ ಕಾಣುವುದಿಲ್ಲ, ಬಿಳಿ ಕಾಗದಕ್ಕೆ ಒತ್ತಿದರೆ ಗುರುತು ಮೂಡುತ್ತದೆ.

ಹೆಚ್ಚಿದ್ದನ್ನು ತೆಗೆಯಲು ಡ್ರೈನ್ ಬೋಲ್ಟ್ ಸಡಿಲಿಸಬೇಕಿಲ್ಲ. ಔಷಧಿ ಅಂಗಡಿಯ ದೊಡ್ಡ ಸಿರಿಂಜಿಗೆ ಮೀನಿನ ತೊಟ್ಟಿಯ ತೆಳು ಗಾಳಿ ಪೈಪ್ ಸಿಕ್ಕಿಸಿ, ಡಿಪ್‌ಸ್ಟಿಕ್ ಕೊಳವೆಯಿಂದ ಇಳಿಸಿ ಎಳೆಯಿರಿ. ತೆಗೆದದ್ದನ್ನೂ ಹಳೆ ಆಯಿಲನ್ನೂ ಖಾಲಿ ಡಬ್ಬಕ್ಕೆ ತುಂಬಿ, ಹಳೆ ಆಯಿಲ್ ಪಡೆಯುವ ಸರ್ವಿಸ್ ಸೆಂಟರಿಗೆ ಕೊಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ವಸ್ತು. ನಮ್ಮ ಕಡೆಯ ಮೋರಿಗಳು ಹೋಗಿ ಸೇರುವುದು ವೃಷಭಾವತಿಯನ್ನು. ಆ ನದಿಗೆ ನಾವು ಈಗಾಗಲೇ ಮಾಡಿರುವುದು ಸಾಕು.

ಬಿಎಸ್6 ಡೀಸೆಲ್ ಕಾರಿದ್ದು, ನೀವು ಸರಿಯಾಗಿ ಹಾಕಿದ ಮಟ್ಟ ವಾರಗಳಲ್ಲಿ ತಾನಾಗಿ ಏರುತ್ತಿದ್ದರೆ ಕಡ್ಡಿ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ, ಮಸಿ ಹಿಡಿಯುವ ಡಿಪಿಎಫ್ ತನ್ನನ್ನು ಸುಟ್ಟು ಶುದ್ಧ ಮಾಡಿಕೊಳ್ಳಲು ಸಿಂಪಡಿಸಿದ ಇಂಧನ ಪೂರ್ತಿ ಉರಿಯದೆ ಆಯಿಲಿಗೆ ಇಳಿದಿದೆ. ದಿನವೂ ನಾಲ್ಕು ಕಿಲೋಮೀಟರ್ ತೆವಳಿ ಆಫ್ ಮಾಡುವ ನಮ್ಮ ಊರಿನ ಓಡಾಟದಲ್ಲಿ ಆ ಶುದ್ಧಿ ಅರ್ಧಕ್ಕೇ ನಿಲ್ಲುತ್ತಿರುತ್ತದೆ. ಆಯಿಲ್ ಮತ್ತೆ ಬದಲಿಸಿ, ಆಗಾಗ ತುಮಕೂರು ರಸ್ತೆಯಂಥ ಕಡೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ.

ಬಾನೆಟ್ ಸಂದಿನಿಂದ ಸ್ವಲ್ಪ ಬಿಳಿ ಹೊಗೆ, ಸುಟ್ಟ ಎಣ್ಣೆಯ ವಾಸನೆ ಮೊದಲ ಓಟದಲ್ಲಿ ಮಾತ್ರ ಬಂದು ನಿಂತರೆ ಎಂಜಿನ್ನಿನ ಬಿಸಿ ಹೊಗೆ ಕೊಳವೆಯಾದ ಮ್ಯಾನಿಫೋಲ್ಡ್ ಮೇಲೆ ಚೆಲ್ಲಿದ್ದು ಉರಿದಿದೆ, ಅಷ್ಟೇ. ನಿಲ್ಲದಿದ್ದರೆ ಮುಚ್ಚಳ ಹಾಕಿದ್ದೀರಾ ನೋಡಿ. ಮುಚ್ಚಳವನ್ನು ಬ್ಯಾಟರಿ ಮೇಲೆ ಇಟ್ಟು ಬಾನೆಟ್ ಹಾಕಿದವರು ಇದ್ದಾರೆ.

ಸದ್ದು ಬದಲಾಗಿದೆ

ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಒಂದೆರಡು ಸೆಕೆಂಡ್ ಕಟಕಟ ಎಂದು ನಿಂತುಹೋಗುತ್ತದೆ, ಈ ಫಿಲ್ಟರ್ ಹಾಕುವ ಮೊದಲು ಇರಲಿಲ್ಲ ಎಂದಾದರೆ ಫಿಲ್ಟರನ್ನೇ ಅನುಮಾನಿಸಿ. ಅದರೊಳಗೆ ರಬ್ಬರಿನ ತೆಳು ಕವಾಟ ಇರುತ್ತದೆ. ಎಂಜಿನ್ ನಿಂತಾಗ ಎಣ್ಣೆ ವಾಪಸ್ ಚೇಂಬರಿಗೆ ಇಳಿಯದಂತೆ ಅದು ತಡೆಯುತ್ತದೆ. ನಕಲಿ ಫಿಲ್ಟರಿನಲ್ಲಿ ಈ ರಬ್ಬರ್ ಕಳಪೆ, ರಾತ್ರಿಯೆಲ್ಲ ಫಿಲ್ಟರ್ ಖಾಲಿಯಾಗುತ್ತದೆ. ಆಯಿಲ್ ಇಳಿಸದೆ ಫಿಲ್ಟರ್ ಮಾತ್ರ ಬದಲಿಸಿ, ಕಡಿಮೆಯಾದಷ್ಟು ಆಯಿಲ್ ತುಂಬಿ ನೋಡಿ. ಸದ್ದು ಹೋದರೆ ಕಾರಣ ಅದೇ. ಫಿಲ್ಟರಿಗೆ ಕೊಡುವುದು ಕೆಲವು ನೂರು ರೂಪಾಯಿ, ಅದರಲ್ಲಿ ಉಳಿಸಲು ಹೋಗಬೇಡಿ. ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಬಿಲ್ ಸಮೇತ ತನ್ನಿ.

ಸದ್ದು ನಿಲ್ಲದೆ ಟಿಕ್ ಟಿಕ್ ಎನ್ನುತ್ತಲೇ ಇದ್ದರೆ ಮಟ್ಟ ನೋಡಿ, ಆಮೇಲೆ ಡಬ್ಬದ ಮೇಲಿನ ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಎಂಬ ಗುರುತು ಓದಿ. ಬಿಸಿಲಿನ ಊರಿಗೆ ದಪ್ಪ ಆಯಿಲೇ ಒಳ್ಳೆಯದು ಎಂಬ ಮಾತನ್ನು ಬೆಂಗಳೂರಿನಲ್ಲಿ ನಾನು ಒಪ್ಪುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು ಇದು, ರಾಯಚೂರಲ್ಲ. 0ಡಬ್ಲ್ಯೂ-20 ಕೇಳುವ ಹೊಸ ಎಂಜಿನ್ನಿನ ಸಂದುಗಳು ಅಷ್ಟು ತೆಳು ಎಣ್ಣೆಗೇ ಲೆಕ್ಕ ಹಾಕಿ ಮಾಡಿದವು. ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಓಡುವುದೂ ಆಯಿಲ್ ಒತ್ತಡದಿಂದಲೇ. ಅದಕ್ಕೆ ದಪ್ಪನೆಯ 20ಡಬ್ಲ್ಯೂ-40 ಸುರಿದರೆ ತಣ್ಣನೆಯ ಸ್ಟಾರ್ಟಿನಲ್ಲಿ ಎಣ್ಣೆ ಮೇಲಕ್ಕೆ ತಲುಪಲು ತಡ, ಸದ್ದು, ಕೆಲವೊಮ್ಮೆ ಚೆಕ್ ಎಂಜಿನ್ ದೀಪ. ಪುಸ್ತಕದಲ್ಲಿ ಬರೆದ ಗ್ರೇಡೇ ಹಾಕಿ.

ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಕೆನೆ

ಮಳೆಗಾಲದಲ್ಲಿ, ಡಿಸೆಂಬರ್ ಚಳಿಯಲ್ಲಿ ಪುಟ್ಟ ಓಡಾಟದ ಕಾರುಗಳಲ್ಲಿ ಇದು ಕಾಣುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಇಳಿಯದಿದ್ದರೆ ಅದು ಆವಿ ತಣಿದು ಸೇರಿದ ನೀರು. ಒರೆಸಿ, ರಾಮನಗರದವರೆಗೆ ಒಮ್ಮೆ ಹೋಗಿ ಬನ್ನಿ. ಕಡ್ಡಿಯ ಮೇಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದು ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಎಂಜಿನ್ನಿನೊಳಗೆ ಕೂಲೆಂಟೂ ಆಯಿಲೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಅನುಮಾನ. ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಮೆಕ್ಯಾನಿಕ್ ಹತ್ತಿರ "ಆಯಿಲ್ ಸೋರ್ತಿದೆ" ಎಂದಷ್ಟೇ ಹೇಳಬೇಡಿ. ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು, ಯಾವ ಗ್ರೇಡ್, ಎಷ್ಟು ಲೀಟರ್ ಹಾಕಿದಿರಿ, ದೀಪ ಹೊತ್ತಿದ್ದು ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಹನಿ ಚಕ್ರದಿಂದ ಎಷ್ಟು ದೂರದಲ್ಲಿ ಬಿತ್ತು ಎಲ್ಲ ಹೇಳಿ. ಗುರುತು ಮಾಡಿದ ಆ ರಟ್ಟನ್ನೂ, ಬಿಚ್ಚಿದ ಹಳೆ ಫಿಲ್ಟರನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ.